ಬೇಡ ಎನ್ನುವ ಹಕ್ಕು ಯಾರಿಗೆ? ಓಪನ್ ಸೋರ್ಸ್‌ನಲ್ಲಿ ಬದಲಾವಣೆ ಕೇಳುವ ಮುನ್ನ

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಭಾಷೆಯದು. ಪೈಥಾನ್ ಕಲಿಯಬೇಕಾ, ರಸ್ಟ್ ಕಲಿಯಬೇಕಾ, ಸಿ ಗೊತ್ತಿದ್ದರೆ ಸಾಕಾ? ಪ್ಯಾಚ್, ಅಂದರೆ ಕೋಡ್‌ಗೆ ಮಾಡಿದ ತಿದ್ದುಪಡಿ, ಬರೆದು ಕಳಿಸಿದ ಮೇಲೆ ಅದರ ಗತಿ ಏನು ಎಂದು ಕೇಳುವವರು ಕಡಿಮೆ. ಒಳ್ಳೆಯ ಕೋಡ್ ತಿಂಗಳುಗಟ್ಟಲೆ ಧೂಳು ತಿನ್ನುತ್ತಾ ಬಿದ್ದಿರುವುದು ಬಹುಪಾಲು ಅಲ್ಲಿಯೇ. ಒಂದು ಯೋಜನೆಯಲ್ಲಿ ಮತ ಎಣಿಸುತ್ತಾರೆ, ಇನ್ನೊಂದರಲ್ಲಿ ಐದು ಜನರ ಮಂಡಳಿ ಕೂತು ತೀರ್ಮಾನ ಮಾಡುತ್ತದೆ, ಮತ್ತೊಂದರಲ್ಲಿ ಮತದಾನ ಎಂಬುದೇ ಇಲ್ಲ. ಇದನ್ನು ತಿಳಿಯದೆ ಹೋದರೆ ಯಾರ ಬಾಗಿಲು ತಟ್ಟಬೇಕು ಎಂಬುದೇ ಗೊತ್ತಾಗುವುದಿಲ್ಲ.

ದೊಡ್ಡ ಯೋಜನೆಗೆ ಬದಲಾವಣೆ ಸೂಚಿಸಲು ಹೊರಟವರಿಗೂ, ನಾಲ್ಕಾರು ಗೆಳೆಯರು ಸೇರಿ ಕಟ್ಟಿದ ಸ್ವಂತ ಯೋಜನೆಗೆ ನಿಯಮ ಹುಡುಕುತ್ತಿರುವವರಿಗೂ ಈ ಹೋಲಿಕೆ. ಎಷ್ಟು ಮತ ಬೇಕು ಎಂಬುದನ್ನು ಇಲ್ಲಿ ಎರಡನೆಯ ಪ್ರಶ್ನೆಯಾಗಿಯೇ ಇಟ್ಟಿದ್ದೇನೆ. ಮೊದಲನೆಯದು ಬೇರೆ: ಬೇಡ ಎನ್ನುವ ಹಕ್ಕು ಯಾರಿಗಿದೆ, ಬೇಡ ಎಂದವರು ಕಾರಣ ಕೊಡಲೇಬೇಕೇ?

ಅಪಾಚೆ: ಒಬ್ಬರೇ ತಡೆಯಬಹುದು, ಆದರೆ ಕಾರಣ ಕೊಡಬೇಕು

ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ 1999ರಲ್ಲಿ ಶುರುವಾಯಿತು. ಅದರ ಅಡಿಯಲ್ಲಿರುವ ಯೋಜನೆಗಳಲ್ಲಿ ಮತ ಎಂದರೆ +1, 0, -1. ಪೂರ್ತಿ ಮನಸ್ಸಿಲ್ಲದವರು -0.5 ಎಂದೂ ಬರೆಯುತ್ತಾರೆ. ಅದರರ್ಥ ನನಗೆ ಹಿಡಿಸಿಲ್ಲ, ಆದರೆ ಅದಕ್ಕೆ ತಕ್ಕ ಕಾರಣ ಕೊಡಲಾರೆ ಎಂದು. ಕೋಡ್ ಬದಲಾವಣೆಯ ವಿಷಯದಲ್ಲಿ ಅರ್ಹ ಸದಸ್ಯರೊಬ್ಬರ -1 ಎಂದರೆ ವೀಟೋ. ಹತ್ತು ಜನ +1 ಎಂದಿದ್ದರೂ ಆ ಒಂದು -1 ಮುಂದೆ ಬದಲಾವಣೆ ನಿಲ್ಲುತ್ತದೆ, ಹಾಕಿದವರೇ ಹಿಂತೆಗೆದುಕೊಳ್ಳುವವರೆಗೂ ನಿಂತೇ ಇರುತ್ತದೆ. ಆದರೆ ಆ -1 ಜೊತೆಗೆ ತಾಂತ್ರಿಕ ಕಾರಣ ಇರಲೇಬೇಕು. ಕಾರಣವಿಲ್ಲದ ವೀಟೋಗೆ ಕಿಮ್ಮತ್ತಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಲೂಸೀನ್ ಅಪಾಚೆಯ ಹುಡುಕಾಟದ ಲೈಬ್ರರಿ. ನೀವು ಕನ್ನಡ ಹುಡುಕಾಟ ಸರಿಪಡಿಸುವ ಪ್ಯಾಚ್ ಬರೆದಿದ್ದೀರಿ ಎಂದುಕೊಳ್ಳಿ. 'ರ‍್ಯಾಂಕ್' ಎಂದು ಒಬ್ಬರು ಟೈಪ್ ಮಾಡುತ್ತಾರೆ, 'ರ್ಯಾಂಕ್' ಎಂದು ಅರ್ಕಾವತ್ತಿನಲ್ಲಿ ಇನ್ನೊಬ್ಬರು. ಮೊದಲನೆಯದರ ಒಳಗೆ ಜೀರೊ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿದೆ. ಹುಡುಕುವ ಕೋಡ್ ಅದನ್ನು ಲೆಕ್ಕಕ್ಕೆ ಹಿಡಿದರೆ ಇವೆರಡೂ ಬೇರೆ ಬೇರೆ ಪದಗಳಾಗಿಬಿಡುತ್ತವೆ, ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಆ ಜಾಯ್ನರ್ ಅನ್ನು ಎಲ್ಲ ಕಡೆ ಕಿತ್ತುಹಾಕುವುದೇ ನಿಮ್ಮ ಪರಿಹಾರ. ಸದಸ್ಯರೊಬ್ಬರು -1 ಹಾಕುತ್ತಾರೆ: ಹಳೆಯ ಮಲಯಾಳಂ ಪಠ್ಯಗಳಲ್ಲಿ ಚಿಲ್ಲು ಅಕ್ಷರಗಳನ್ನು ಇದೇ ಜಾಯ್ನರ್‌ನಿಂದ ಬರೆದಿದ್ದಾರೆ, ಸಿಂಹಳದಲ್ಲಿ 'ಶ್ರೀ'ಯಂಥ ಕೂಡಕ್ಷರ ಮೂಡುವುದೂ ಇದರಿಂದಲೇ, ಸಾಲದ್ದಕ್ಕೆ ಈಗಾಗಲೇ ಕಟ್ಟಿರುವ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ. ಇದು ನ್ಯಾಯವಾದ -1. ನೋವಾಗುತ್ತದೆ, ಆದರೆ ಅದರೊಳಗೇ ದಾರಿಯೂ ಇದೆ: ನಿಯಮವನ್ನು ಕನ್ನಡದ ಅಕ್ಷರಗಳಿಗೆ ಮಾತ್ರ ಸೀಮಿತ ಮಾಡಿ, ಬೇಕಾದವರು ಆನ್ ಮಾಡಿಕೊಳ್ಳುವ ಆಯ್ಕೆಯಾಗಿ ಕೊಡಿ, ಆಮೇಲೆ ಆ ಸದಸ್ಯರನ್ನು ಕೇಳಿ. ಮತ ಎಣಿಸುವ ಪ್ರಮೇಯವೇ ಬರುವುದಿಲ್ಲ.

"ನನಗೆ ಈ ಶೈಲಿ ಇಷ್ಟವಿಲ್ಲ" ಎಂದಷ್ಟೇ ಬರೆದ -1 ವೀಟೋ ಆಗುವುದಿಲ್ಲ. ಆಗ ಜಗಳಕ್ಕೆ ಇಳಿಯದೆ, ಇದರ ಹಿಂದೆ ತಾಂತ್ರಿಕ ಕಾರಣವೇನಾದರೂ ಇದೆಯೇ ಎಂದು ಒಂದೇ ಸಾಲಿನಲ್ಲಿ ಕೇಳಿದರೆ ಸಾಕು.

ನಿತ್ಯದ ಕೆಲಸಕ್ಕೆ ಇಷ್ಟೂ ಬೇಕಾಗುವುದಿಲ್ಲ. ಹೀಗೆ ಮಾಡುತ್ತಿದ್ದೇನೆ ಎಂದು ತಿಳಿಸಿ, ಯಾರೂ ಆಕ್ಷೇಪ ಎತ್ತದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ಅಧ್ಯಕ್ಷರು "ಎಲ್ಲರ ಒಪ್ಪಿಗೆ ಇದೆ ತಾನೇ?" ಎಂದು ಕೇಳಿ, ಯಾರೂ ಎದ್ದು ನಿಲ್ಲದಿದ್ದರೆ ಠರಾವು ಪಾಸಾಯಿತು ಎಂದು ಬರೆಸುತ್ತಾರಲ್ಲ, ಅದೇ ಕ್ರಮ. ಇಲ್ಲಿ ಊಟದ ಪಂಕ್ತಿ ಕಾಯುತ್ತಿರುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ವಿಧಿವತ್ತಾದ ಮತಕ್ಕೆ ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಕೊಡುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಶುಕ್ರವಾರ ಸಂಜೆ ಶುರುವಾದ ಮತ ನಮಗೆ ಶನಿವಾರ ಬೆಳಿಗ್ಗೆ ಕಾಣುತ್ತದೆ, ಮಂಗಳವಾರ ಬೆಳಿಗ್ಗೆಯವರೆಗೂ ತೆರೆದಿರುತ್ತದೆ. ನಿದ್ದೆ ಕೆಟ್ಟು ಕೂರುವ ಅಗತ್ಯವಿಲ್ಲ.

ರಿಲೀಸ್, ಅಂದರೆ ಹೊಸ ಆವೃತ್ತಿಯ ಬಿಡುಗಡೆ, ಮಾತ್ರ ಬೇರೆ ಲೆಕ್ಕ. ಕನಿಷ್ಠ ಮೂರು ಸಿಂಧು +1 ಬೇಕು, +1ಗಳು -1ಗಳಿಗಿಂತ ಹೆಚ್ಚಿರಬೇಕು, ಮತ್ತು ರಿಲೀಸನ್ನು ಯಾರೂ ವೀಟೋ ಮಾಡುವಂತಿಲ್ಲ. ಸಿಂಧು ಮತ ಯೋಜನೆಯ ನಿರ್ವಹಣಾ ಸಮಿತಿಯವರದು ಮಾತ್ರ. ಹಾಗೆಂದು ಹೊರಗಿನವರು ಸುಮ್ಮನಿರಬೇಕಿಲ್ಲ. "+1, ಉಬುಂಟುವಿನಲ್ಲಿ ಕಂಪೈಲ್ ಮಾಡಿ ಟೆಸ್ಟ್‌ಗಳನ್ನೆಲ್ಲ ಓಡಿಸಿದೆ, ಎಲ್ಲವೂ ಪಾಸ್" ಎಂದು ಹೊಸಬರೊಬ್ಬರು ಬರೆದರೆ ಅದು ಎಣಿಕೆಗೆ ಬರದಿದ್ದರೂ ಓದಿಗೆ ಬರುತ್ತದೆ. ನನ್ನ ಮಟ್ಟಿಗೆ ಹೊಸಬರು ಅಪಾಚೆ ಯೋಜನೆಗೆ ಕಾಲಿಡಲು ಇದಕ್ಕಿಂತ ಸುಲಭದ ಬಾಗಿಲಿಲ್ಲ.

ಪಿಎಚ್‌ಪಿ: ಮೂರರಲ್ಲಿ ಎರಡು ಪಾಲು

ವೆಬ್‌ಸೈಟ್ ಕಟ್ಟಲು ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಲೆಕ್ಕ ಸೀದಾ. ಆರ್‌ಎಫ್‌ಸಿ ಎಂಬ ಪ್ರಸ್ತಾವ ಬರೆಯಬೇಕು, ಕನಿಷ್ಠ ಎರಡು ವಾರ ಚರ್ಚೆ, ಆಮೇಲೆ ಎರಡು ವಾರ ಮತದಾನ. 2019ರಿಂದ ಎಲ್ಲ ಮುಖ್ಯ ಪ್ರಶ್ನೆಗಳಿಗೂ ಮೂರರಲ್ಲಿ ಎರಡು ಪಾಲು ಬೇಕು. ಪ್ರಸ್ತಾವವನ್ನು ಯಾರು ಬೇಕಾದರೂ ಬರೆಯಬಹುದು. ಮತ ಮಾತ್ರ ಯೋಜನೆಗೆ ದುಡಿದು ಖಾತೆ ಪಡೆದವರದು, ಜೊತೆಗೆ ಸಮುದಾಯದ ಕೆಲವು ಪ್ರತಿನಿಧಿಗಳದು.

ಇಲ್ಲಿ ಬೇಡ ಎನ್ನುವವರು ಕಾರಣ ಕೊಡಬೇಕಾಗಿಲ್ಲ. ಗುಂಡಿ ಒತ್ತಿದರೆ ಮುಗಿಯಿತು. ಚರ್ಚೆಯಲ್ಲಿ ಒಂದು ಮಾತೂ ಆಡದವರು ಕೊನೆಯ ದಿನ ಬಂದು ಬೇಡ ಎಂದರೂ ಅದು ಪೂರ್ತಿ ಮತವೇ. ಈ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದೊಂದೇ.

2015ರಲ್ಲಿ ಪಿಎಚ್‌ಪಿ 7ಕ್ಕೆ ಸ್ಕೇಲಾರ್ ಟೈಪ್‌ಗಳನ್ನು ಸೇರಿಸುವ ಪ್ರಸ್ತಾವ ನೋಡಿ. ಫಂಕ್ಷನ್‌ಗೆ ಬರುವುದು ಇಂಟಿಜರ್, ಸ್ಟ್ರಿಂಗ್ ಎಂದು ಬರೆದಿಡುವ ಸೌಲಭ್ಯ, ಈಗ ಎಲ್ಲರೂ ದಿನಾ ಬಳಸುವಂಥದ್ದು. ಮೊದಲ ಪ್ರಸ್ತಾವವನ್ನು ಬರೆದವರೇ ಮತದಾನದ ನಡುವೆ ಹಿಂತೆಗೆದುಕೊಂಡರು. ಬೇರೊಬ್ಬರು ಅದನ್ನು ಎತ್ತಿಕೊಂಡು ತಿದ್ದಿ ಮತ್ತೆ ತಂದರು, ಎದುರಿಗೆ ಇನ್ನೊಂದು ಪ್ರಸ್ತಾವವೂ ನಿಂತಿತು. ಕಡೆಗೆ 108 ಪರ, 48 ವಿರುದ್ಧ. ಒಟ್ಟು 156ರಲ್ಲಿ ಬೇಕಾಗಿದ್ದುದು 104. ಐದು ಜನ ಆ ಕಡೆ ವಾಲಿದ್ದರೆ ಬಿದ್ದುಹೋಗುತ್ತಿತ್ತು. ಇಂಥ ಕಡೆ ಪ್ರಸ್ತಾವ ಬರೆಯುವವರು ಚರ್ಚೆಯ ಎರಡು ವಾರವನ್ನು ಕೋಡ್ ಹೊಳಪಿಸಲು ಕಳೆಯಬಾರದು. ಅನುಮಾನದಲ್ಲಿರುವವರ ಪ್ರಶ್ನೆಗಳನ್ನು ಒಂದೊಂದಾಗಿ ಪ್ರಸ್ತಾವದೊಳಗೇ ಬರೆದು ಉತ್ತರಿಸಬೇಕು. ವಿವಾದದ ಭಾಗವನ್ನು, ಉದಾಹರಣೆಗೆ ಕೀವರ್ಡ್ ಯಾವುದಿರಲಿ ಎಂಬುದನ್ನು, ಉಪಪ್ರಶ್ನೆಯಾಗಿ ಬೇರ್ಪಡಿಸಬಹುದು. ಉಪಪ್ರಶ್ನೆಗೆ ಸಾದಾ ಬಹುಮತ ಸಾಕು.

ಪೈಥಾನ್: ಮತ ಜನರಿಗೆ, ತೀರ್ಮಾನ ಐವರಿಗೆ

ಪೈಥಾನ್‌ನಲ್ಲಿ 2018ರವರೆಗೂ ಕೊನೆಯ ಮಾತು ಆ ಭಾಷೆಯನ್ನು ಸೃಷ್ಟಿಸಿದ ಗೀಡೊ ವಾನ್ ರೋಸಮ್ ಅವರದೇ. ಅಲ್ಲಿ ಬದಲಾವಣೆಯ ಪ್ರಸ್ತಾವಕ್ಕೆ ಪೆಪ್ ಎನ್ನುತ್ತಾರೆ. ಆ ವರ್ಷ ಪೆಪ್ 572, ಅಂದರೆ ವಾಲ್ರಸ್ ಎಂದು ಕರೆಯುವ ಆಪರೇಟರ್ ಮೇಲೆ ನಡೆದ ಜಟಾಪಟಿಯ ನಂತರ, ಜುಲೈನಲ್ಲಿ ಅವರು ಆ ಸ್ಥಾನ ಬಿಟ್ಟರು. ಕೋರ್ ಡೆವಲಪರ್‌ಗಳು, ಅಂದರೆ ಕೋಡ್ ಸೇರಿಸುವ ಅಧಿಕಾರವಿರುವ ಮುಖ್ಯ ಸದಸ್ಯರು, ಹಲವು ಆಡಳಿತ ಮಾದರಿಗಳನ್ನು ಮುಂದಿಟ್ಟುಕೊಂಡು ಡಿಸೆಂಬರ್‌ನಲ್ಲಿ ಮತ ಹಾಕಿ ಆರಿಸಿದ್ದು ಐದು ಜನರ ಸ್ಟೀರಿಂಗ್ ಕೌನ್ಸಿಲ್. ಒಂದೇ ಕಂಪನಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಕೋರ್ ಡೆವಲಪರ್‌ಗಳ ಮತ ಕೌನ್ಸಿಲ್ ಆರಿಸಲು. ಪೆಪ್‌ಗಳ ಮೇಲೆ ತೀರ್ಮಾನ ಕೌನ್ಸಿಲ್‌ನದು, ಇಲ್ಲವೇ ಅದು ನೇಮಿಸಿದ ಪ್ರತಿನಿಧಿಯದು.

ಹೊಸಬರಿಗೆ ಇಲ್ಲಿ ನಿಜವಾದ ತಡೆ ಕೌನ್ಸಿಲ್ ಅಲ್ಲ, ಅದಕ್ಕೂ ಮೊದಲಿನದು. ನೀವು ಕೋರ್ ಡೆವಲಪರ್ ಅಲ್ಲದಿದ್ದರೆ ನಿಮ್ಮ ಪೆಪ್‌ಗೆ ಕೋರ್ ಡೆವಲಪರ್ ಒಬ್ಬರು ಪ್ರಾಯೋಜಕರಾಗಿ ನಿಲ್ಲಬೇಕು. ಅವರೊಬ್ಬರನ್ನು ಒಪ್ಪಿಸಲಾಗದ ವಿಚಾರ ಐವರ ಮುಂದೆ ನಿಲ್ಲುವುದು ಕಷ್ಟ. ಹಾಗಾಗಿ ಪೆಪ್ ಬರೆಯಲು ಕೂರುವ ಮುನ್ನ ಒಂದು ಪುಟದ ಟಿಪ್ಪಣಿ ಬರೆದು ಒಬ್ಬರಿಗೆ ತೋರಿಸುವುದೇ ಜಾಣತನ. ಸಣ್ಣ ದೋಷ ತಿದ್ದುವುದಕ್ಕೆ ಪೆಪ್ ಬೇಕೇ ಆಗಿಲ್ಲ, ತಿದ್ದಿದ ಕೋಡ್ ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್ ಸಾಕು.

ಡೆಬಿಯನ್: ಇಷ್ಟದ ಕ್ರಮದಲ್ಲಿ ಬರೆಯುವ ಮತ

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್‌ಗೆ 1998ರಿಂದ ಸಂವಿಧಾನವೇ ಇದೆ. ಹೆಸರಿಗಷ್ಟೇ ಅಲ್ಲ, ಯಾರಿಗೆ ಯಾವ ಅಧಿಕಾರ, ಕೋರಂ ಎಷ್ಟು, ಯಾವುದಕ್ಕೆ ಮೂರಕ್ಕೆ ಒಂದರ ಬಹುಮತ ಎಂದೆಲ್ಲ ಬರೆದಿಟ್ಟಿದ್ದಾರೆ. ಸಾಮಾನ್ಯ ನಿರ್ಣಯ ಮಂಡಿಸಲು ಐವರು ಡೆವಲಪರ್‌ಗಳ ಬೆಂಬಲ ಬೇಕು. ಕೋರಂ ಲೆಕ್ಕ ನಮ್ಮ ಕಡೆಯ ಗಣಿತದ ಮೇಷ್ಟ್ರುಗಳಿಗೆ ಖುಷಿ ಕೊಡುವಂಥದ್ದು: ಡೆವಲಪರ್‌ಗಳ ಸಂಖ್ಯೆಯ ವರ್ಗಮೂಲದ ಅರ್ಧ, ಅದರ ಮೂರರಷ್ಟು. ಸಾವಿರ ಜನರಿದ್ದರೆ 48ರ ಆಸುಪಾಸು.

ಮತ ಹಾಕುವವರು ಆಯ್ಕೆಗಳಿಗೆ 1, 2, 3 ಎಂದು ಕ್ರಮ ಕೊಡುತ್ತಾರೆ. ಎಣಿಸುವಾಗ ಪ್ರತಿ ಆಯ್ಕೆಯನ್ನೂ ಉಳಿದ ಒಂದೊಂದರ ಜೊತೆ ಎದುರುಬದುರು ನಿಲ್ಲಿಸಿ ನೋಡುತ್ತಾರೆ. ಇದರಿಂದ ಏನು ಲಾಭ ಎನ್ನುವವರಿಗೆ ಒಂಬತ್ತು ಜನರ ಗುಂಪೊಂದರ ಲೆಕ್ಕ. ವಿಷಯ ಲೈಸೆನ್ಸ್, ಅಂದರೆ ಕೋಡನ್ನು ಇತರರು ಬಳಸುವ ಷರತ್ತಿನ, ಆಯ್ಕೆ. ಮುಂದಿರುವುದು ಜಿಪಿಎಲ್, ಅಪಾಚೆ, ಎಂಐಟಿ ಎಂಬ ಮೂರು ಲೈಸೆನ್ಸ್‌ಗಳು. ನಾಲ್ವರು ಜಿಪಿಎಲ್ ಮೊದಲು, ಅಪಾಚೆ ಎರಡನೆಯದು, ಎಂಐಟಿ ಕೊನೆಗೆ ಎನ್ನುತ್ತಾರೆ. ಮೂವರು ಎಂಐಟಿ, ಅಪಾಚೆ, ಜಿಪಿಎಲ್. ಇನ್ನಿಬ್ಬರು ಅಪಾಚೆ, ಎಂಐಟಿ, ಜಿಪಿಎಲ್. ಕೈ ಎತ್ತಿಸಿದರೆ ನಾಲ್ಕು ಮತದಿಂದ ಜಿಪಿಎಲ್ ಗೆಲ್ಲುತ್ತದೆ, ಐದು ಜನ ಅದನ್ನು ಕೊನೆಗೆ ಇಟ್ಟಿದ್ದರೂ! ಎದುರುಬದುರು ನಿಲ್ಲಿಸಿದರೆ ಅಪಾಚೆ ಜಿಪಿಎಲ್ ಅನ್ನು 5-4ರಿಂದ, ಎಂಐಟಿಯನ್ನು 6-3ರಿಂದ ಸೋಲಿಸುತ್ತದೆ. ಮೊದಲ ಆಯ್ಕೆಯಾಗಿ ಎರಡೇ ಮತ ಪಡೆದ ಲೈಸೆನ್ಸ್ ಎಲ್ಲರಿಗೂ ನುಂಗಬಹುದಾದದ್ದು ಎಂದು ಆಗ ಕಾಣುತ್ತದೆ. ಎರಡಕ್ಕಿಂತ ಹೆಚ್ಚು ಆಯ್ಕೆಗಳಿದ್ದಾಗ ಕೈ ಎತ್ತಿಸುವುದನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದು ಇದಕ್ಕೇ.

ಡೆಬಿಯನ್ ಮತಪತ್ರದಲ್ಲಿ 'ಮೇಲಿನ ಯಾವುದೂ ಬೇಡ' ಎಂಬ ಆಯ್ಕೆಯೂ ಸದಾ ಇರುತ್ತದೆ. ಅದಕ್ಕಿಂತ ಕೆಳಗೆ ಬಿದ್ದ ಪ್ರಸ್ತಾವ ಸತ್ತ ಹಾಗೆ. ಆದರೆ ಇಷ್ಟೆಲ್ಲ ಸಲಕರಣೆಯಿದ್ದೂ ಅದನ್ನು ಎಲ್ಲೆಂದರಲ್ಲಿ ಎಳೆದು ತರಬಾರದು ಎಂಬುದಕ್ಕೆ 2014 ಸಾಕ್ಷಿ. ಫೆಬ್ರವರಿಯಲ್ಲಿ, ಕಂಪ್ಯೂಟರ್ ಶುರುವಾಗುವಾಗ ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಬೇಕೇ ಬೇಡವೇ ಎಂಬ ವಿಷಯದಲ್ಲಿ ತಾಂತ್ರಿಕ ಸಮಿತಿ 4-4 ಎಂದು ಇಬ್ಭಾಗವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಆಯ್ಕೆಯಾಯಿತು. ವಾದ ಅಲ್ಲಿಗೆ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ಎಲ್ಲ ಡೆವಲಪರ್‌ಗಳ ಮುಂದೆ ಸಂಬಂಧಪಟ್ಟ ನಿರ್ಣಯ ಬಂತು. ಗೆದ್ದ ಆಯ್ಕೆ ಯಾವುದು ಗೊತ್ತೇ? 'ಸಾಮಾನ್ಯ ನಿರ್ಣಯದ ಅಗತ್ಯವಿಲ್ಲ.' ಮತ ಹಾಕಿಯೇ ಮತ ಬೇಡ ಎಂದರು.

ಒಂದು ಪ್ಯಾಕೇಜ್ ತಿದ್ದಲು ಈ ದಾರಿಯಲ್ಲ. ಅದಕ್ಕೆ ಬಗ್ ವರದಿ ಬರೆದು ಪ್ಯಾಕೇಜನ್ನು ನೋಡಿಕೊಳ್ಳುವ ಮೇಂಟೇನರ್ ಜೊತೆ ಮಾತಾಡಬೇಕು. ಇನ್‌ಸ್ಟಾಲರ್ ಜೊತೆ ಮುಕ್ತವಲ್ಲದ ಫರ್ಮ್‌ವೇರ್ (ಹಾರ್ಡ್‌ವೇರ್ ನಡೆಸುವ ಕೋಡ್) ಕೊಡಬಹುದೇ ಎಂಬಂಥ, ತತ್ವಕ್ಕೇ ತಾಗುವ ಪ್ರಶ್ನೆಗೆ ಮತ. 2022ರಲ್ಲಿ ಅದಕ್ಕೆ ಕೊಡಬಹುದು ಎಂದೇ ತೀರ್ಮಾನವಾಯಿತು, ಸೋಶಿಯಲ್ ಕಾಂಟ್ರಾಕ್ಟ್ ಎಂಬ ತನ್ನ ಮೂಲ ತತ್ವಗಳ ಪತ್ರವನ್ನು ತಿದ್ದಿ.

ಲಿನಕ್ಸ್ ಕರ್ನಲ್, ರಸ್ಟ್

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮತವಿಲ್ಲ. ಪ್ರತಿ ಭಾಗಕ್ಕೂ ಮೇಂಟೇನರ್ ಇದ್ದಾರೆ, ಅವರ ಹೆಸರು ಮೇಂಟೇನರ್ಸ್ ಎಂಬ ಕಡತದಲ್ಲಿದೆ. ಅವರು ನಾಕ್ (ಒಪ್ಪಲಾರೆ) ಎಂದರೆ ನಿಮ್ಮ ಪ್ಯಾಚ್ ಬಹುಮಟ್ಟಿಗೆ ಅಲ್ಲೇ ನಿಂತಿತು. ಮೇಲೆ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಒಬ್ಬರಿದ್ದಾರೆ, ಅಷ್ಟೇ. ಬೇರೆಯವರ ರಿವ್ಯೂಡ್-ಬೈ (ಪರಿಶೀಲಿಸಿದವರು ಇಂಥವರು) ಎಂಬ ಸಾಲುಗಳು ಮತವಲ್ಲ, ಆದರೆ ಮೇಂಟೇನರ್‌ಗೆ ಧೈರ್ಯ ಕೊಡುತ್ತವೆ. ಕಾಲದ ಲೆಕ್ಕವನ್ನೂ ಗಮನದಲ್ಲಿಡಿ: ಹೊಸ ಕೋಡ್ ಸೇರಿಸಿಕೊಳ್ಳುವ ಅವಧಿಯಾದ ಮರ್ಜ್ ವಿಂಡೋ ಸುಮಾರು ಎರಡು ವಾರ ಮಾತ್ರ ತೆರೆದಿರುತ್ತದೆ. ಆಗ ಹೊಸ ಪ್ಯಾಚ್ ಕಳಿಸಿದರೆ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ, ನಿಮ್ಮದು ಅದಕ್ಕೂ ಮೊದಲೇ ಮೇಂಟೇನರ್ ಕೈ ಸೇರಿರಬೇಕು. ವೇಗ ಬೇಕಿದ್ದು, ಒಬ್ಬರ ವಿಶ್ವಾಸ ಗಳಿಸುವ ತಾಳ್ಮೆ ಇದ್ದರೆ ಇದು ಒಳ್ಳೆಯ ದಾರಿ. ಕಾರಣ ಕೇಳುವ ಹಕ್ಕು ನಿಯಮದಲ್ಲಿಲ್ಲ, ರೂಢಿಯಲ್ಲಿದೆ.

ರಸ್ಟ್ ನಡುವಿನ ದಾರಿ. ಪ್ರಸ್ತಾವ ಬಂದಾಗ ಸಂಬಂಧಪಟ್ಟ ತಂಡದವರು ತಮ್ಮ ಹೆಸರಿನ ಮುಂದೆ ಒಪ್ಪಿಗೆಯ ಗುರುತು ಹಾಕುತ್ತಾರೆ, ಯಾರಾದರೂ ತಕರಾರು ದಾಖಲಿಸಿದರೆ ಅದು ಬಗೆಹರಿಯಬೇಕು, ಕೊನೆಗೆ ಹತ್ತು ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡುತ್ತಾರೆ. ಆ ಹತ್ತು ದಿನದಲ್ಲಿ ಹೊರಗಿನವರು ಹೊಸ ವಾದ ತಂದರೆ ತೂಕವಿದೆ. ಹಳೆಯದನ್ನೇ ಮತ್ತೆ ಹೇಳಿದರೆ ಇಲ್ಲ.

ನಿಮ್ಮದೇ ಯೋಜನೆಗೆ ಯಾವುದು?

ದಾವಣಗೆರೆಯ ನಾಲ್ವರು, ಚಿತ್ರದುರ್ಗದ ಇಬ್ಬರು ಸೇರಿ ಎಪಿಎಂಸಿ ಧಾರಣೆ ತೋರಿಸುವ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಮೆಕ್ಕೆಜೋಳ, ಶೇಂಗಾದಲ್ಲಿ ತಕರಾರಿಲ್ಲ. ಅಡಿಕೆಗೆ ಬಂದಾಗ ಒಬ್ಬರು ಪುಲ್ ರಿಕ್ವೆಸ್ಟ್ ಹಾಕುತ್ತಾರೆ: ಎಲ್ಲ ಮಾರುಕಟ್ಟೆಗೂ ರಾಶಿ, ಬೆಟ್ಟೆ ಎರಡೇ ಬಗೆ ಇಡೋಣ, ಟೇಬಲ್ ಸರಳವಾಗುತ್ತದೆ. ಚನ್ನಗಿರಿಯ ಧಾರಣೆ ನೋಡಿ ಬೆಳೆದ ನಾಲ್ವರಿಗೆ ಇದು ಸರಿ ಕಾಣುತ್ತದೆ. ದುರ್ಗದ ಇಬ್ಬರು ಬೇಡ ಎನ್ನುತ್ತಾರೆ. ಭೀಮಸಮುದ್ರದ ಮಾರುಕಟ್ಟೆಯಲ್ಲಿ ಅಪಿ, ಕೆಂಪುಗೋಟು ಕೂಡ ಇವೆ, ಅವಕ್ಕೆ ಬೇರೆ ಬೇರೆ ರೇಟು. ಪಿಎಚ್‌ಪಿ ಲೆಕ್ಕ ಹಾಕಿದರೆ ಆರರಲ್ಲಿ ನಾಲ್ಕು, ಮೂರರಲ್ಲಿ ಎರಡು ಪಾಲು ಸರಿಯಾಗಿ ಬಂತು, ಪಾಸ್. ಕೆಂಪುಗೋಟು ತಂದ ರೈತ ಆ್ಯಪ್ ತೆರೆದರೆ ತನ್ನ ಮಾಲಿನ ಹೆಸರೇ ಇಲ್ಲ. ಅಪಾಚೆ ಲೆಕ್ಕದಲ್ಲಾದರೆ ಕಾರಣ ಸಮೇತ ಬಂದ ಒಂದು -1 ಸಾಕು, ಮಾರುಕಟ್ಟೆಗೊಂದು ಪಟ್ಟಿ ಇಡುವ ಬೇರೆ ವಿನ್ಯಾಸ ಹುಡುಕಲೇಬೇಕಾಗುತ್ತದೆ.

ಹತ್ತು ಹನ್ನೆರಡು ಜನರೊಳಗಿನ ಯೋಜನೆಗೆ ಅದಕ್ಕೇ ನನ್ನ ಸಲಹೆ ಅಪಾಚೆ ಕ್ರಮ. ಗೊತ್ತಿರುವವರು ಯಾವಾಗಲೂ ಬಹುಮತದಲ್ಲಿ ಇರುವುದಿಲ್ಲ. ಐದು ಜನರ ಕೌನ್ಸಿಲ್ ಆರು ಜನರ ಗುಂಪಿಗೆ ತಮಾಷೆ. ಡೆಬಿಯನ್ ಸಂವಿಧಾನ ನಕಲು ಮಾಡಲು ಹೋದವರು ಕೋಡ್ ಬರೆಯುವುದನ್ನು ಮರೆಯುತ್ತಾರೆ. ಅದರ ಕ್ರಮವಾರು ಮತವನ್ನಷ್ಟೇ ಎರವಲು ತನ್ನಿ, ಹೆಸರು, ಲೋಗೋ, ಹೊಸ ಯೋಜನೆಯ ಲೈಸೆನ್ಸ್‌ನಂಥ ತಾಂತ್ರಿಕವಲ್ಲದ ಆಯ್ಕೆಗೆ. ಹೊಸ ಯೋಜನೆ ಎಂದು ಒತ್ತಿ ಹೇಳಲು ಕಾರಣವಿದೆ. ಕೋಡ್ ಬರೆದಾದ ಮೇಲೆ ಲೈಸೆನ್ಸ್ ಬದಲಿಸುವುದು ಮತದಿಂದ ಆಗುವ ಕೆಲಸವಲ್ಲ. ಬರೆದವರು ಹಕ್ಕು ಬಿಟ್ಟುಕೊಟ್ಟಿರದಿದ್ದರೆ ಅವರವರ ಕೋಡ್ ಅವರವರದೇ, ಒಬ್ಬೊಬ್ಬರ ಒಪ್ಪಿಗೆಯೂ ಬೇಕು. ವಿಡಿಯೊ ಪ್ಲೇಯರ್ ವಿಎಲ್‌ಸಿಯವರು ಎಲ್‌ಜಿಪಿಎಲ್ ಎಂಬ ಲೈಸೆನ್ಸ್‌ಗೆ ಹೋಗುವಾಗ ನೂರಾರು ಹಳೆಯ ಡೆವಲಪರ್‌ಗಳನ್ನು ಹುಡುಕಿ ಕೇಳಬೇಕಾಯಿತು.

ಕೋಡ್ ಇಟ್ಟಿರುವ ರೆಪೊದಲ್ಲಿ ಗವರ್ನೆನ್ಸ್ ಎಂಬ ಕಡತ ಇಟ್ಟು ಇಷ್ಟನ್ನು ಬರೆಯಿರಿ: ಸಿಂಧು ಮತ ಯಾರದು, ಎಷ್ಟು ಹೊತ್ತು ತೆರೆದಿರಬೇಕು, -1ಕ್ಕೆ ಕಾರಣ ಕಡ್ಡಾಯ, ರಿಲೀಸ್‌ಗೆ ಮೂರು +1 ಮತ್ತು ವೀಟೋ ಇಲ್ಲ. ಎಪ್ಪತ್ತೆರಡು ಗಂಟೆ ಇಂಟರ್ನಲ್ಸ್ ಪರೀಕ್ಷೆಯ ವಾರಕ್ಕೆ ಸಾಲುವುದಿಲ್ಲ, ವಿದ್ಯಾರ್ಥಿಗಳ ಗುಂಪಾದರೆ ಏಳು ದಿನ ಇಡಿ. ಇನ್ನೊಂದನ್ನು ಬಹಳ ಗುಂಪುಗಳು ಬಿಟ್ಟುಬಿಡುತ್ತವೆ. ಕೊನೆಯ ಸೆಮಿಸ್ಟರ್ ಮುಗಿಸಿ ಬೆಂಗಳೂರಿಗೆ ಹೋದವರು ಪಟ್ಟಿಯಲ್ಲಿ ಹಾಗೇ ಉಳಿದು, ಮೂರು +1 ಸಿಗದೆ ರಿಲೀಸ್ ನಿಲ್ಲುತ್ತದೆ. ಆರು ತಿಂಗಳು ಯಾವ ಕೆಲಸಕ್ಕೂ ಕೈ ಹಾಕದವರ ಹೆಸರನ್ನು 'ಹಿಂದಿನ ಸದಸ್ಯರು' ಎಂಬ ಪಟ್ಟಿಗೆ ಸರಿಸಬೇಕು, ವಾಪಸ್ ಬಂದು ಒಂದು ಪ್ಯಾಚ್ ಕೊಟ್ಟರೆ ಮತದ ಹಕ್ಕು ಮರಳಿ ಸಿಗಬೇಕು ಎಂದು ಮೊದಲ ದಿನವೇ ಬರೆದಿಡಿ. ಆಮೇಲೆ ಬರೆಯಲು ಹೊರಟರೆ ಅದಕ್ಕೂ ಅವರ ಮತವೇ ಬೇಕಾಗುತ್ತದೆ.